ಕೊಳೆಯದ ದೋಣಿ

ಒಮ್ಮೆ ಮಾಡಿಟ್ಟರೆ ಮತ್ತೆ ಅದರ ಗೊಡವೆಯೇ ಬೇಡ ಎಂಬಂತಹ ವಸ್ತುವೊಂದು ದೊರೆಯಬೇಕೆಂಬುದು ಸಂಸಾರಿಯಾದವನ ಬಹುಕಾಲದ ಬಯಕೆ. ಸೋರದ ಮಾಡು, ತುಕ್ಕು ಹಿಡಿಯದ ಕತ್ತಿ, ಹರಿಯದ ಬಲೆ, ಕೊಳೆಯದ ದೋಣಿ, ಇವುಗಳ ಕನಸನ್ನು ಕಾಣದವರು ಕರಾವಳಿಯಲ್ಲಿ ಯಾರಿದ್ದಾರೆ? ಇವುಗಳಲ್ಲಿ ಕೊನೆಯದಾದರೂ ಕೈಗೂಡಿತೆಂದು, ಫೈಬರ್ ದೋಣಿಯು ತೀರಕ್ಕೆ ಬಂದ ದಿನ ಜನರು ನಂಬಿದರು. ಆ ನಂಬಿಕೆಯು ಪೂರ್ತಿಯಾಗಿ ಸುಳ್ಳಾಗಲಿಲ್ಲ. ಪೂರ್ತಿಯಾಗಿ ನಿಜವೂ ಆಗಲಿಲ್ಲ.

ಗಂಗೊಳ್ಳಿಯ ಬಳಿ ಐದು ಹೊಳೆಗಳು ಒಂದಾಗಿ ಕಡಲನ್ನು ಸೇರುವ ಅಳಿವೆಯ ದಡದಲ್ಲಿ, ತೆಂಗಿನ ತೋಟದ ಅಂಚಿಗೆ ಒಂದು ಮನೆ. ಆ ಮನೆಯ ಹಿರಿಯನಿಗೆ ಎಂಬತ್ತು ದಾಟಿತ್ತು. ಬಲೆ ಎಳೆಯುವ ಕಸುವು ತೋಳಿನಲ್ಲಿ ಉಳಿದಿರದಿದ್ದರೂ ದೋಣಿಯ ವಿಷಯದಲ್ಲಿ ಮನೆಯವರು ಅವನ ಮಾತನ್ನು ಕೇಳುತ್ತಿದ್ದರು. ಕೇಳದಿದ್ದರೂ ಕೇಳಿದಂತೆ ನಟಿಸುತ್ತಿದ್ದರು. ಮೊಮ್ಮಗನು ಬ್ಯಾಂಕಿನಿಂದ ಸಾಲ ತೆಗೆದು ಮೂವತ್ತು ಅಡಿಯ ಫೈಬರ್ ದೋಣಿಯನ್ನು ತಂದಾಗ ಮಾರಿದವನು ಮೂರು ಮಾತು ಹೇಳಿ ಕಳುಹಿಸಿದ್ದನು: ಇದು ಕೊಳೆಯುವುದಿಲ್ಲ, ಇದನ್ನು ಹುಳು ತಿನ್ನುವುದಿಲ್ಲ, ಇದಕ್ಕೆ ಆರೈಕೆ ಬೇಕಿಲ್ಲ. ಮೊಮ್ಮಗನು ಈ ಮೂರನ್ನೂ ಅಜ್ಜನಿಗೆ ಒಪ್ಪಿಸಿ, “ಅಜ್ಜಯ್ಯ, ಇದಕ್ಕೆ ಇನ್ನ್ ಎಣ್ಣಿ ಬ್ಯಾಡ, ಬಣ್ಣ ಬ್ಯಾಡ, ನಿಮ್ಗೂ ಬಿಡುವಾಯ್ತ್” ಎಂದನು. ಅಜ್ಜನು ದೋಣಿಯ ಪಕ್ಕೆಯನ್ನು ಬೆರಳಿನಿಂದ ತಟ್ಟಿ ನೋಡಿದನು. ಮರದ ದನಿ ಬರಲಿಲ್ಲ. ಅವನು ಏನೂ ಹೇಳದೆ ಜಗಲಿಗೆ ಹೋಗಿ ಕುಳಿತನು.

ಅವನು ಬಲ್ಲ ದೋಣಿಯ ಬಾಳೇ ಬೇರೆ. ಮಾವಿನ ಮರದ ಬೊಡ್ಡೆಯನ್ನು ಕೊರೆದು ಮಾಡಿದ ದೋಣಿ, ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿದು ಕಟ್ಟಿದ ದೋಣಿ, ಇವೆರಡೂ ಅವನ ಕೈಯಲ್ಲಿ ಹಳತಾಗಿದ್ದವು. ವರ್ಷಕ್ಕೊಮ್ಮೆ ಅವುಗಳನ್ನು ದಡಕ್ಕೆ ಎಳೆದು, ಪಾಚಿ ಕೆರೆದು, ಬಿಸಿಲಿಗೆ ಒಣಗಿಸಿ, ಸಂದುಗಳಿಗೆ ನಾರು ತುರುಕಿ, ಬೂತಾಯಿ ಮೀನಿನ ಎಣ್ಣೆಯನ್ನೋ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನೋ ಹಚ್ಚಬೇಕಾಗಿತ್ತು. ಗೇರೆಣ್ಣೆ ಕೈಗೆ ತಗುಲಿದರೆ ಚರ್ಮ ಸುಲಿಯುವುದು; ಮೀನೆಣ್ಣೆಯ ವಾಸನೆಯಂತೂ ವಾರಗಟ್ಟಲೆ ಮನೆಯನ್ನು ಬಿಡದು. ಇಷ್ಟು ಮಾಡಿದರೂ ನೀರಿನಲ್ಲಿ ಮರವನ್ನು ಕೊರೆಯುವ ಒಂದು ಜೀವಿಯ ಕಾಟ ತಪ್ಪುತ್ತಿರಲಿಲ್ಲ. ಹಡಗಿನ ಹುಳುವೆಂದು ಅದಕ್ಕೆ ಹೆಸರಾದರೂ ಅದು ಹುಳುವಲ್ಲ, ಕಪ್ಪೆಚಿಪ್ಪಿನ ಬಂಧು. ತನ್ನ ಮೃದುವಾದ ಉದ್ದ ಮೈಯ ತುದಿಯಲ್ಲಿರುವ ಎರಡು ಪುಟ್ಟ ಚಿಪ್ಪುಗಳಿಂದಲೇ ಅದು ಮರವನ್ನು ಅರೆದು ಸುರಂಗ ಮಾಡುವುದು. ಹೊರಗೆ ಸೂಜಿಯ ಕಣ್ಣಿನಷ್ಟು ರಂಧ್ರ. ಒಳಗೆ ಹಲಗೆಯೆಲ್ಲ ಜೇನಿನ ಹುಟ್ಟು. ಇಂತಹ ವೈರಿಯೊಡನೆ ಅರುವತ್ತು ವರ್ಷ ಹೋರಾಡಿದವನಿಗೆ ‘ಹುಳು ತಿನ್ನುವುದಿಲ್ಲ’ ಎಂಬ ಮಾತು ಸಣ್ಣದಾಗಿ ಕಾಣಲಿಲ್ಲ. ಆದರೆ ಮೂರನೆಯ ಮಾತು ಅವನಿಗೆ ರುಚಿಸಲಿಲ್ಲ. ಕಡಲು ಮುಟ್ಟಿದ ಯಾವ ವಸ್ತುವನ್ನೂ ಅದು ಸುಮ್ಮನೆ ಬಿಟ್ಟುದನ್ನು ಅವನು ಕಂಡಿರಲಿಲ್ಲ.

ಗಾಜಿನ ನೂಲಿನಿಂದ ದೋಣಿಯಾಗುವುದೆಂದರೆ ಕೇಳುವವರಿಗೆ ವಿಚಿತ್ರವೇ. ಗಾಜನ್ನು ಕರಗಿಸಿ ಕೂದಲಿಗಿಂತ ತೆಳುವಾದ ಎಳೆಗಳಾಗಿ ಎಳೆಯುವ ಉದ್ಯಮವು ಅಮೇರಿಕದಲ್ಲಿ 1930ರ ದಶಕದಲ್ಲಿ ಬೆಳೆಯಿತು. ಆ ಎಳೆಗಳನ್ನು ಪಾಲಿಯೆಸ್ಟರ್ ಎಂಬ ರಾಳದಲ್ಲಿ ಅದ್ದಿ ಗಟ್ಟಿಮಾಡಿ, ಓಹಾಯೋ ಪ್ರಾಂತದ ರೇ ಗ್ರೀನ್ ಎಂಬವನು 1942ರಲ್ಲಿ ಒಂದು ಚಿಕ್ಕ ಹಾಯಿದೋಣಿಯನ್ನು ಮಾಡಿದನು. ನಮ್ಮ ದೇಶದ ಪೂರ್ವ ತೀರದಲ್ಲಿ, 1979ರಲ್ಲಿ ಮದರಾಸನ್ನು ಕೇಂದ್ರವಾಗಿಟ್ಟುಕೊಂಡು ಪ್ರಾರಂಭವಾದ ಬಂಗಾಳ ಕೊಲ್ಲಿಯ ಮೀನುಗಾರಿಕೆಯ ಯೋಜನೆಯವರು, ಅಲೆಯನ್ನು ದಾಟಿ ಮರಳಿಗೆ ಬರಬಲ್ಲ ಇಂತಹ ದೋಣಿಗಳನ್ನು ಪರೀಕ್ಷಿಸಿದರು. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಕಟ್ಟುಮರಗಳನ್ನು ಕಳೆದುಕೊಂಡ ಊರುಗಳಿಗೆ ನೆರವಾಗಿ ಬಂದವುಗಳಲ್ಲಿ ಫೈಬರ್ ದೋಣಿಗಳೇ ಬಹಳ. ಪಶ್ಚಿಮದ ತೀರದಲ್ಲಿಯೂ ದೊಡ್ಡ ಮರವು ದುರ್ಲಭವಾದಂತೆಲ್ಲ ನಾಡದೋಣಿಯು ಹೆಸರನ್ನು ಉಳಿಸಿಕೊಂಡು ಮೈಯನ್ನು ಬದಲಿಸಿಕೊಂಡಿತು.

ಈ ದೋಣಿಯ ಹುಟ್ಟಿನಲ್ಲಿ ಒಂದು ವಿಶೇಷವುಂಟು. ಮನೆ ಕಟ್ಟುವವರು ಗೋಡೆಯೆಬ್ಬಿಸಿ ಕೊನೆಗೆ ಸುಣ್ಣ ಬಳಿಯುವರು. ಇಲ್ಲಿ ಬಣ್ಣವೇ ಮೊದಲು. ದೋಣಿಯ ಆಕಾರದ ಅಚ್ಚಿನ ಒಳಮೈಗೆ ಮೇಣ ತಿಕ್ಕಿ, ಅದರ ಮೇಲೆ ಜೆಲ್‌ಕೋಟ್ ಎಂಬ ಬಣ್ಣಗೂಡಿದ ರಾಳವನ್ನು ಅರ್ಧ ಮಿಲಿಮೀಟರಿನಷ್ಟು ಹಚ್ಚುವರು. ಅದು ತುಸು ಗಟ್ಟಿಯಾದ ಮೇಲೆ ಗಾಜಿನ ನೂಲಿನ ಚಾಪೆಗಳನ್ನು ಒಂದರ ಮೇಲೊಂದು ಹಾಸಿ, ಗಟ್ಟಿಮಾಡುವ ದ್ರವವನ್ನು ನೂರಕ್ಕೆ ಒಂದೆರಡು ಪಾಲು ಬೆರೆಸಿದ ರಾಳದಿಂದ ತೋಯಿಸಿ, ಒಳಗಿನ ಗಾಳಿಯು ಹೊರಡುವಂತೆ ಉರುಳೆಯಿಂದ ಒತ್ತುವರು. ರಾಳವು ತಾನೇ ಬಿಸಿಯೇರಿ ಕಲ್ಲಾಗುವುದು. ಅಚ್ಚಿನಿಂದ ಎತ್ತಿದಾಗ ದೋಣಿಯು ಹೊಳೆಯುವ ಬಣ್ಣದೊಡನೆಯೇ ಹೊರಬರುವುದು. ಬಣ್ಣವನ್ನು ಮೈಯೊಡನೆ ಪಡೆದು ಹುಟ್ಟಿದ ಇಂತಹ ದೋಣಿಗೆ ಮತ್ತೆ ಬಣ್ಣವೇತಕ್ಕೆಂದು ಹುಡುಗನು ಭಾವಿಸಿದುದು ತಪ್ಪಲ್ಲ.

ಮೊದಲನೆಯ ವರ್ಷ ದೋಣಿಯು ಮೀನಿನಂತೆ ಓಡಿತು. ಹೊಳೆಯ ಬಾಯಿಯಲ್ಲಿ ಹಗಲಿರುಳು ನೀರಿನಲ್ಲಿಯೇ ಕಟ್ಟಿದ್ದರೂ ಹನಿ ಸೋರಲಿಲ್ಲ. ಆದರೆ ಕಾರ್ತಿಕ ಮುಗಿಯುವ ಹೊತ್ತಿಗೆ, ಅದೇ ದೂರಕ್ಕೆ ಅದೇ ಇಂಜಿನು ಹೆಚ್ಚು ಸೀಮೆಎಣ್ಣೆ ಕುಡಿಯತೊಡಗಿತು. ದಡಕ್ಕೆ ತಂದು ಮಗುಚಿ ನೋಡಿದರೆ ಅಡಿಮೈಯೆಲ್ಲ ಬಿಳಿಯ ಒರಟು ಮೊಟ್ಟುಗಳು. ಬಾರ್ನಕಲ್ ಎಂಬ ಈ ಪ್ರಾಣಿಯು ನೋಡುವುದಕ್ಕೆ ಚಿಪ್ಪಿನಂತಿದ್ದರೂ ಸಿಗಡಿ ಏಡಿಗಳ ಕುಲದ್ದು. ಮರಿಯಾಗಿರುವಾಗ ನೀರಿನಲ್ಲಿ ಅಲೆದಾಡಿ, ತಕ್ಕ ಜಾಗ ಸಿಕ್ಕಿದೊಡನೆ ತಲೆಯನ್ನು ಅಂಟಿಸಿಕೊಂಡು, ಸುತ್ತಲೂ ಸುಣ್ಣದ ಗೂಡು ಕಟ್ಟಿ, ಬಾಳಿನ ಉಳಿದ ಕಾಲವನ್ನೆಲ್ಲ ಕಾಲುಗಳಿಂದ ಆಹಾರವನ್ನು ಬಾಚಿಕೊಳ್ಳುತ್ತ ಅಲ್ಲಿಯೇ ಕಳೆಯುವುದು. ಡಾರ್ವಿನ್ ಪಂಡಿತನು 1846ರಿಂದ 1854ರ ವರೆಗೆ ಎಂಟು ವರ್ಷ ಈ ಪ್ರಾಣಿಗಳನ್ನೇ ಅಭ್ಯಾಸಮಾಡಿದನು. ಮೊಮ್ಮಗನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಅವನು ಕತ್ತಿಯನ್ನು ತಂದು ಒಂದೇ ಮಧ್ಯಾಹ್ನದಲ್ಲಿ ಎಲ್ಲವನ್ನೂ ಹೆರೆದು ಹಾಕಿದನು; ಜೊತೆಯಲ್ಲಿ ಜೆಲ್‌ಕೋಟಿನ ಮೇಲೆ ನೂರಾರು ಗೀರುಗಳನ್ನೂ ಎಳೆದನು. ಸಂಜೆಗೆ ಪೇಟೆಯಿಂದ ಬಣ್ಣದ ಡಬ್ಬಿ ತಂದು ಬಳಿದನು. ಮರುದಿನ ದೋಣಿ ನೀರಿಗಿಳಿಯಿತು. ತಿಂಗಳಾಗುವುದರೊಳಗೆ ಆ ಬಣ್ಣವು ನೀರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಕಳಚಿಹೋಯಿತು.

ಬಣ್ಣದಲ್ಲಿ ದೋಷವಿರಲಿಲ್ಲ. ಅಚ್ಚಿಗೆ ತಿಕ್ಕಿದ ಮೇಣದ ಅಂಶವು ಹೊಸ ದೋಣಿಯ ಮೈಮೇಲೆ ಉಳಿದೇ ಇರುತ್ತದೆ. ಅದನ್ನು ಮೊದಲು ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರಸಿ ತೆಗೆಯಬೇಕು. ಒರಸಿದ ಬಟ್ಟೆಯನ್ನು ಆಗಾಗ ಬದಲಿಸಬೇಕು. ಆಮೇಲೆ ಉಪ್ಪುಕಾಗದದಿಂದ ಹೊಳಪು ಹೋಗುವವರೆಗೆ ಉಜ್ಜಬೇಕು. ಮೇಣ ತೆಗೆಯದೆ ಉಜ್ಜಿದರೆ ಉಜ್ಜಿದ ಗೆರೆಗಳೊಳಕ್ಕೇ ಮೇಣವನ್ನು ತುಂಬಿದಂತಾಗುವುದು. ಎಣ್ಣೆ ಸವರಿದ ಬಾಳೆಲೆಯ ಮೇಲೆ ನೀರು ನಿಲ್ಲುವುದುಂಟೆ? ಅಜ್ಜನಿಗೆ ಮೇಣದ ವಿಷಯ ತಿಳಿದಿರಲಿಲ್ಲ. ಆದರೂ ಒಂದು ದಿನದಲ್ಲಿ ಮುಗಿದ ಕೆಲಸವು ಒಂದು ತಿಂಗಳಿಗಿಂತ ಹೆಚ್ಚು ನಿಲ್ಲದೆಂಬುದು ಅವನಿಗೆ ತಿಳಿದಿತ್ತು.

ನಿಜವಾದ ಪರೀಕ್ಷೆಯು ಬಂದುದು ಮೂರನೆಯ ವರ್ಷದಲ್ಲಿ. ಸೌರ ಯುಗಾದಿ ಕಳೆದ ಮೇಲೆ ದೋಣಿಯನ್ನು ದಡಕ್ಕೆಳೆದಾಗ ಅಡಿಮೈಯಲ್ಲಿ ಕಡಲೆಯಿಂದ ಹಿಡಿದು ಎಂಟಾಣೆಯ ನಾಣ್ಯದವರೆಗಿನ ಗಾತ್ರದ ಗುಳ್ಳೆಗಳು ಎದ್ದಿದ್ದವು; ಸಿಡುಬಿನ ಮೈ ನೋಡಿದಂತಾಯಿತು. ಮೊಮ್ಮಗನು ಒಂದನ್ನು ಚುಚ್ಚಿದನು. ಒಳಗಿನಿಂದ ಜಿಗುಟಾದ ನೀರು ಚಿಮ್ಮಿ ಕೆನ್ನೆಗೆ ಹಾರಿತು. ಕಣ್ಣಿಗೆ ಬೀಳದಿದ್ದುದು ಪುಣ್ಯ. ಆ ನೀರಿಗೆ ವಿನೆಗರಿನಂತಹ ಹುಳಿವಾಸನೆಯಿತ್ತು.

ಇದರ ಕಾರಣವನ್ನು ತಿಳಿಯುವುದಕ್ಕೆ ಅಡಿಗೆಮನೆಗೆ ಹೋದರೆ ಸಾಕು. ಒಣದ್ರಾಕ್ಷಿಯನ್ನು ನೀರಿನಲ್ಲಿ ನೆನೆಯಿಟ್ಟರೆ ಬೆಳಗಾಗುವುದರೊಳಗೆ ಅದು ಉಬ್ಬಿರುತ್ತದೆ. ಒಳಗಿನ ಸಕ್ಕರೆಯು ಸಿಪ್ಪೆಯ ಮೂಲಕ ನೀರನ್ನು ಎಳೆದುಕೊಳ್ಳುವುದೇ ಅದಕ್ಕೆ ಕಾರಣ. ಜೆಲ್‌ಕೋಟ್ ಕಣ್ಣಿಗೆ ಗಾಜಿನಂತೆ ಕಂಡರೂ ನೀರಿನ ಅಣುಗಳಿಗೆ ಅದು ಮುಚ್ಚಿದ ಬಾಗಿಲಲ್ಲ. ತಿಂಗಳುಗಟ್ಟಲೆ ನೀರಿನಲ್ಲಿದ್ದ ದೋಣಿಯ ಮೈಯೊಳಕ್ಕೆ ನೀರು ಮೆಲ್ಲಮೆಲ್ಲನೆ ಇಳಿಯುತ್ತದೆ. ಅಲ್ಲಿ ಪೂರ್ತಿ ಗಟ್ಟಿಯಾಗದೆ ಉಳಿದ ರಾಳದ ಅಂಶಗಳನ್ನು ಕರಗಿಸಿ, ಉರುಳೆಗೆ ಸಿಕ್ಕದೆ ಉಳಿದ ಗಾಳಿಯ ಪುಟ್ಟ ಗೂಡುಗಳಲ್ಲಿ ಹುಳಿಯಾದ ರಸವಾಗಿ ನಿಲ್ಲುತ್ತದೆ. ಆ ರಸವು ಇನ್ನಷ್ಟು ನೀರನ್ನು ಎಳೆಯುತ್ತದೆ, ಎಳೆದಂತೆ ಉಬ್ಬುತ್ತದೆ. ಹೊರಗಿನ ನೀರು ಸಿಹಿಯಾದಷ್ಟೂ, ಬೆಚ್ಚಗಿದ್ದಷ್ಟೂ ಈ ಎಳೆತ ಹೆಚ್ಚು. ಆದುದರಿಂದ ಮರಳಿನ ಮೇಲೆ ರಾತ್ರಿ ಕಳೆಯುವ ಕಡಲಿನ ದೋಣಿಗಿಂತ, ಮಳೆಗಾಲದ ಹೊಳೆಯಲ್ಲಿ ಹಗಲಿರುಳು ನೆನೆಯುವ ದೋಣಿಗೆ ಈ ರೋಗದ ಭಯ ಅಧಿಕ. ಕತ್ತಿಯ ಗೀರುಗಳು ಆ ದಾರಿಯನ್ನು ಇನ್ನಷ್ಟು ಸುಲಭಮಾಡಿದ್ದವು. ದೋಣಿಯು ಕೊಳೆತಿರಲಿಲ್ಲ, ನಿಜ. ಬಾಯಾರಿದವನಂತೆ ನೀರು ಕುಡಿದಿತ್ತು.

ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಜೂನ್ ಜುಲೈ ತಿಂಗಳುಗಳಲ್ಲಿ ದೊಡ್ಡ ಯಂತ್ರದೋಣಿಗಳು ಬಂದರಿನಲ್ಲಿ ನಿಂತಿರುವಾಗ ನಾಡದೋಣಿಗಳಿಗೆ ಸುಗ್ಗಿಯ ಕಾಲ. ಅದಕ್ಕೆ ಇನ್ನೂ ಆರು ವಾರವಿತ್ತು. ಆದರೆ ನಡುವಿನ ಮೇ ತಿಂಗಳ ದುಡಿಮೆಯಿಂದ ಸಾಲದ ಕಂತನ್ನು ಕಟ್ಟಬೇಕಾಗಿತ್ತು. ಗುಳ್ಳೆಗಳನ್ನು ಕೆರೆದು, ಪುಟ್ಟಿ ಮೆತ್ತಿ, ಬಣ್ಣ ಬಳಿದು ವಾರದೊಳಗೆ ನೀರಿಗಿಳಿಸಬೇಕೆಂದು ಮೊಮ್ಮಗನು ಹಟಹಿಡಿದನು. ಒದ್ದೆ ಗಾಯಕ್ಕೆ ಬಟ್ಟೆ ಕಟ್ಟಿದರೆ ಕೀವು ಒಳಕ್ಕೆ ಹೋಗುವುದೆಂದು ಅಜ್ಜನು ಹೇಳಿದನು. “ಮರದ ದೋಣಿ ಲೆಕ್ಕ ಇದಕ್ಕೆ ಹಾಕ್ಬ್ಯಾಡಿ” ಎಂದು ಹುಡುಗನು ಸಿಡುಕಿದನು. ಆಗ ಮುದುಕನು ಒಂದು ಯುಕ್ತಿ ಮಾಡಿದನು. ಅಂಗೈಯಗಲದ ಪ್ಲಾಸ್ಟಿಕ್ ಹಾಳೆಯನ್ನು ದೋಣಿಯ ಅಡಿಮೈಗೆ ನಾಲ್ಕು ಅಂಚಿಗೂ ಪಟ್ಟಿ ಅಂಟಿಸಿ ಮುಚ್ಚಿಸಿದನು. ಮರುದಿನ ಬಿಸಿಲೇರಿದ ಮೇಲೆ ನೋಡಿದರೆ ಹಾಳೆಯ ಒಳಮೈಯಲ್ಲಿ ಬೆವರಿನಂತೆ ಹನಿಗಳು. ಹೊರಗೆ ಮುಟ್ಟಿದರೆ ಸುಡುವಷ್ಟು ಒಣಗಿದ್ದ ದೋಣಿಯು ಒಳಗಿನಿಂದ ಇನ್ನೂ ನೀರನ್ನು ಬಿಡುತ್ತಲೇ ಇತ್ತು. “ಒಣ್ಗಲಿ ಮಗಾ, ಸಮುದ್ರ ಎಲ್ಲಿಗೂ ಓಡಿ ಹೋತಿಲ್ಲೆ” ಎಂದನು ಮುದುಕನು. ಹುಡುಗನು ಹನಿಗಳನ್ನು ನೋಡಿ ಸುಮ್ಮನಾದನು. ಆ ತಿಂಗಳ ಕಂತಿಗೆ ಅವನ ತಾಯಿಯ ಕೈಬಳೆಗಳು ಸಹಕಾರಿ ಸಂಘದ ತಿಜೋರಿಯನ್ನು ಸೇರಿದವು. ಆಕೆ ಆ ವಿಷಯವಾಗಿ ಏನೂ ಆಡಲಿಲ್ಲ. ಬಾವಿಕಟ್ಟೆಯಲ್ಲಿ ನೀರು ಸೇದುವಾಗ ಬಳೆಯ ಸದ್ದು ಇಲ್ಲದಿದ್ದುದನ್ನು ಮನೆಯವರೆಲ್ಲರೂ ಗಮನಿಸಿದರು.

ಗುಳ್ಳೆಗಳನ್ನೆಲ್ಲ ಒಡೆದು, ಒಳ್ಳೆಯ ಗಾಜುನೂಲು ಕಾಣುವವರೆಗೆ ಕೆರೆದು, ದಿನಕ್ಕೆರಡು ಸಲ ಬಾವಿಯ ಸಿಹಿನೀರಿನಿಂದ ತೊಳೆದರು. ಹುಳಿರಸವು ಒಂದು ಬಿಂದು ಉಳಿದರೂ ಹೊಸ ಬಣ್ಣದ ಕೆಳಗೆ ಅದೇ ಮತ್ತೊಂದು ಗುಳ್ಳೆಯ ಬೀಜ. ತೊಳೆದ ಮೇಲೆ ಮಡಲಿನ ಚಪ್ಪರದ ಕೆಳಗೆ ಗಾಳಿಯಾಡುವಂತೆ ಕವುಚಿಟ್ಟರು. ಮೂಗಿಗೆ ಬಟ್ಟೆ ಕಟ್ಟಿ, ಉಪ್ಪುಕಾಗದವನ್ನು ನೀರಿನಲ್ಲಿ ಅದ್ದಿ ಉಜ್ಜಿದರು; ಒಣಗಿದ್ದಾಗ ಉಜ್ಜಿದರೆ ಗಾಜಿನ ಧೂಳೂ ಬಣ್ಣದ ವಿಷವೂ ಶ್ವಾಸಕೋಶವನ್ನು ಸೇರುವುವು. ಉಜ್ಜಿದ ರಾಡಿಯೆಲ್ಲ ಕೆಳಗೆ ಹಾಸಿದ ಟಾರ್ಪಾಲಿನಲ್ಲಿ ಬೀಳುವಂತೆ ಅಜ್ಜನು ಕುಳಿತು ನೋಡಿಕೊಂಡನು. ಇಳಿತದ ಹೊತ್ತಿಗೆ ಮನೆಯ ಹೆಂಗಸರು ಕಪ್ಪೆಚಿಪ್ಪು ಆರಿಸುವುದು ಅದೇ ದಡದಲ್ಲಿ.

ಹಾಳೆಯ ಪರೀಕ್ಷೆಯು ವಾರಕ್ಕೊಮ್ಮೆ ನಡೆಯಿತು. ನಾಲ್ಕನೆಯ ವಾರ ಹಾಳೆಯು ಒಣಗಿಯೇ ಇದ್ದಿತು. ಆಮೇಲಿನ ಕೆಲಸ ಬೇಗ ಸಾಗಿತು. ಕುಳಿಗಳಿಗೆ ಎಪಾಕ್ಸಿಯ ಪುಟ್ಟಿ ತುಂಬಿ ಸಮಮಾಡಿ, ಅದರ ಮೇಲೆ ಎರಡು ಡಬ್ಬಿಗಳಿಂದ ಅಳೆದು ಬೆರೆಸುವ ಎಪಾಕ್ಸಿ ಲೇಪನವನ್ನು ಐದು ಸಲ ಕೊಟ್ಟರು. ಜೆಲ್‌ಕೋಟಿಗಿಂತ ನೀರನ್ನು ಹೆಚ್ಚಾಗಿ ತಡೆಯುವ ಗುಣ ಇದಕ್ಕುಂಟು. ಬಿರುಬಿಸಿಲಿನಲ್ಲಿ ಬಳಿದರೆ ಒಳಗೆ ಹಸಿಯಾಗಿದ್ದು ಮೇಲೆ ಕೆನೆಗಟ್ಟುವುದು; ಸಂಜೆ ಬಳಿದರೆ ತೇವ ಕೂರುವುದು. ಬೆಳಗಿನ ಪಸೆ ಆರಿ ಬಿಸಿಲು ಬಲಿಯುವುದರೊಳಗಿನ ಎರಡು ಗಂಟೆಗಳೇ ಯೋಗ್ಯವಾದುವು. ಕೊನೆಯ ಲೇಪನವು ಪೂರ್ತಿ ಗಟ್ಟಿಯಾಗುವ ಮೊದಲೇ, ಹೆಬ್ಬೆರಳನ್ನು ಒತ್ತಿದರೆ ಗುರುತು ಮೂಡಬೇಕು, ಬಣ್ಣ ಬೆರಳಿಗೆ ಹತ್ತಬಾರದು ಎಂಬ ಹದದಲ್ಲಿ, ಅಡಿಬಣ್ಣವನ್ನು ಹಚ್ಚಬೇಕು. ಪಾಕದ ಹದ ನೋಡಿ ಬಲ್ಲ ಮನೆಯವರಿಗೆ ಈ ನಿಯಮವು ಹೊಸದಾಗಿ ತೋರಲಿಲ್ಲ.

ಅಡಿಬಣ್ಣದ ಗುಣವು ವಿಚಾರಮಾಡತಕ್ಕದ್ದು. ಬೇರೆಲ್ಲ ಬಣ್ಣಗಳೂ ಉಳಿಯುವುದಕ್ಕಾಗಿ ಹುಟ್ಟಿದವು. ಇದು ಸವೆಯುವುದಕ್ಕಾಗಿ ಹುಟ್ಟಿದುದು. ಇದರಲ್ಲಿರುವ ತಾಮ್ರದ ಅಂಶವು ನೀರಿನಲ್ಲಿ ಕೊಂಚಕೊಂಚವಾಗಿ ಕರಗುತ್ತ, ನೆಲೆಯೂರಲು ಬರುವ ಮರಿಗಳನ್ನು ಹಿಮ್ಮೆಟ್ಟಿಸುವುದು. ಇಂಗ್ಲಿಷರ ನೌಕಾಪಡೆಯವರು 1761ರಲ್ಲಿ ‘ಅಲಾರ್ಮ್’ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿ ಈ ಗುಣವನ್ನು ಪರೀಕ್ಷಿಸಿದರು. ತಾಮ್ರವು ಸವೆದುಹೋಗುವುದನ್ನು ತಡೆಯಬೇಕೆಂದು 1824ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿಯು ಅದಕ್ಕೆ ಕಬ್ಬಿಣ, ಸತು ಮೊದಲಾದ ಲೋಹಗಳ ತುಂಡುಗಳನ್ನು ಜೋಡಿಸಿದನು. ವಿದ್ಯುತ್ತಿನ ನಿಯಮದಂತೆ ಆ ತುಂಡುಗಳು ಸವೆದವು, ತಾಮ್ರವು ಉಳಿಯಿತು. ವಿದ್ಯೆಯು ಗೆದ್ದಿತು, ಆದರೆ ಹಡಗು ಸೋತಿತು. ಕರಗದ ತಾಮ್ರದ ಮೇಲೆ ಪಾಚಿಯೂ ಚಿಪ್ಪೂ ಸುಖವಾಗಿ ಬೆಳೆದವು. ತನ್ನನ್ನು ಕಳೆದುಕೊಳ್ಳುವುದರಿಂದಲೇ ಅದು ಹಡಗನ್ನು ಕಾಯುತ್ತಿತ್ತೆಂಬುದು ಆಗ ಕಂಡುಬಂದಿತು.

ಕಾಯುವ ವಿಷಕ್ಕೂ ಮಿತಿ ಬೇಕು. ತವರದಿಂದ ಮಾಡಿದ ಇನ್ನೊಂದು ಬಗೆಯ ಅಡಿಬಣ್ಣವು ಇಪ್ಪತ್ತನೆಯ ಶತಮಾನದಲ್ಲಿ ಲೋಕವನ್ನೆಲ್ಲ ವ್ಯಾಪಿಸಿತು. ಅದರಷ್ಟು ಬಲವಾದುದು ಬೇರೊಂದಿರಲಿಲ್ಲ. ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ ಸಿಂಪಿಗಳು ವಿಕಾರಗೊಂಡು ಸಂತಾನ ಕುಂದಿದ ಮೇಲೆ ಆ ದೇಶವು 1982ರಲ್ಲಿ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿತು. 2001ರಲ್ಲಿ ರಾಷ್ಟ್ರಗಳು ಕೂಡಿ ಮಾಡಿಕೊಂಡ ಒಡಂಬಡಿಕೆಯು 2008ರಲ್ಲಿ ಜಾರಿಗೆ ಬಂದಿತು. ಟಾರ್ಪಾಲು ಹಾಸಿ ಕುಳಿತ ಮುದುಕನಿಗೆ ಈ ಒಡಂಬಡಿಕೆಯ ಸುದ್ದಿ ತಿಳಿದಿರಲಿಲ್ಲ. ಕಪ್ಪೆಚಿಪ್ಪಿನ ಸಾರಿನ ರುಚಿ ತಿಳಿದಿತ್ತು, ಅಷ್ಟೇ ಸಾಕಾಯಿತು.

ಅಡಿಬಣ್ಣವನ್ನು ಎರಡು ವರ್ಣಗಳಲ್ಲಿ ಹಚ್ಚಿದರು. ಮೊದಲು ಕೆಂಪು, ಅದರ ಮೇಲೆ ಕಪ್ಪು. ಕಪ್ಪು ಸವೆದು ಕೆಂಪು ಇಣಕಿತೆಂದರೆ ಮತ್ತೆ ಬಳಿಯುವ ಕಾಲ ಬಂತೆಂದು ಅರ್ಥ. ಇಂಜಿನಿನ ಅಲ್ಯೂಮಿನಿಯಂ ಭಾಗವನ್ನು ತಾಮ್ರವು ತಿನ್ನುವುದರಿಂದ ಅದಕ್ಕೆ ಈ ಬಣ್ಣವನ್ನು ಸೋಕಿಸಲಿಲ್ಲ. ನೀರಿನ ಮೇಲಿನ ಭಾಗಕ್ಕೆ, ಬಿಸಿಲಿಗೆ ಸುಣ್ಣದ ಪುಡಿಯಂತಾಗಿದ್ದ ಜೆಲ್‌ಕೋಟನ್ನು ತಿಕ್ಕಿ ಮೇಣದಿಂದ ಹೊಳಪು ಕೊಟ್ಟರು.

ಅದೇ ಅಳಿವೆಯ ಇನ್ನೊಂದು ಬದಿಯಲ್ಲಿ ಯಾರೋ ಬಿಟ್ಟುಹೋದ ಫೈಬರ್ ದೋಣಿಯೊಂದು ಕೆಸರಿನಲ್ಲಿ ಬಿದ್ದಿದೆ. ತಳ ಒಡೆದಿದೆ, ಬಣ್ಣ ಮಾಸಿದೆ. ಮರದ ದೋಣಿ ಹಳತಾದರೆ ಒಲೆಗೆ ಸೌದೆಯಾಗುತ್ತಿತ್ತು, ಹಟ್ಟಿಗೆ ಹಲಗೆಯಾಗುತ್ತಿತ್ತು, ಕೊನೆಗೆ ಮಣ್ಣಾಗುತ್ತಿತ್ತು. ಇದನ್ನು ಸುಡುವಂತಿಲ್ಲ, ಸುಟ್ಟರೆ ಹೊಗೆ ಕೆಟ್ಟದ್ದು. ಹೂಳುವಂತಿಲ್ಲ, ಹೂಳಿದರೂ ಮಣ್ಣಾಗದು. ಮಾರುವವನು ಹೇಳಿದ ಮೊದಲ ಮಾತು ಇಲ್ಲಿ ಪೂರ್ತಿ ನಿಜವಾಗಿದೆ: ಅದು ಕೊಳೆತಿಲ್ಲ. ಕೊಳೆಯದ ವಸ್ತುವಿಗೆ ಆರೈಕೆ ಬೇಕಿಲ್ಲವೆಂಬುದು ಎಷ್ಟು ತಲೆಕೆಳಗಾದ ಮಾತು! ಕೊಳೆಯುವುದನ್ನು ನೆಲವೇ ಒಂದು ದಿನ ತನ್ನ ಮಡಿಲಿಗೆ ತೆಗೆದುಕೊಳ್ಳುವುದು. ಕೊಳೆಯದುದನ್ನು ಮಾಡಿದ ಮನುಷ್ಯನೇ ಕಡೆಯವರೆಗೆ ನೋಡಿಕೊಳ್ಳಬೇಕು.

ಮೇ ತಿಂಗಳ ಕೊನೆಯ ವಾರ, ಮೊದಲ ಮಳೆಯ ಮೋಡಗಳು ಕಡಲಿನ ಅಂಚಿನಲ್ಲಿ ಕಟ್ಟುತ್ತಿರುವಾಗ, ದೋಣಿಯನ್ನು ನೀರಿಗೆ ತಳ್ಳಿದರು. ಇನ್ನು ಮುಂದೆ ಹೊಳೆಯಲ್ಲಿ ಕಟ್ಟಿ ಬಿಡದೆ, ಬಿಡುವಿದ್ದ ದಿನಗಳಲ್ಲಿ ದಡಕ್ಕೆಳೆದು ಇಡಬೇಕೆಂದು ಮೊಮ್ಮಗನು ತಾನಾಗಿಯೇ ಹೇಳಿದನು. ಜುಲೈಯಲ್ಲಿ ಒಳ್ಳೆಯ ಬಲೆ ಬಿದ್ದ ಒಂದು ವಾರದ ತರುವಾಯ ಬಳೆಗಳು ಮನೆಗೆ ಮರಳಿದವು. ಮರುವರ್ಷ ಯುಗಾದಿಗೆ ದೋಣಿಯನ್ನು ಮಗುಚಿದಾಗ ಒಂದು ಗುಳ್ಳೆಯೂ ಇರಲಿಲ್ಲ. ಮುಂಭಾಗದಲ್ಲಿ ಮಾತ್ರ, ಅಲೆ ಹೆಚ್ಚಾಗಿ ಬಡಿಯುವಲ್ಲಿ, ಕಪ್ಪಿನ ನಡುವೆ ಅಂಗೈಯಷ್ಟು ಕೆಂಪು ಕಾಣಿಸುತ್ತಿತ್ತು. ಮುದುಕನು ಅದನ್ನು ಬೆರಳಿನಿಂದ ಮುಟ್ಟಿ ನೋಡಿದನು. ಹೇಳುವ ಅಗತ್ಯವಿರಲಿಲ್ಲ. ಹುಡುಗನು ಆಗಲೇ ಬಾವಿಕಟ್ಟೆಯಿಂದ ಸಿಹಿನೀರಿನ ಕೊಡವನ್ನು ಹೊತ್ತು ತರುತ್ತಿದ್ದನು.